ಕಾರಣ ಬರೆಯದೆ ಬಿಟ್ಟ ಸಾಲು

ಕೋಡಿನಲ್ಲಿ ಕಾಮೆಂಟ್ ಬರೆಯಬೇಕೋ ಬೇಡವೋ ಎಂದು ಯಾರಾದರೂ ಕೇಳಿದರೆ ನನಗೆ ಈಗ ಸುಸ್ತಾಗುತ್ತದೆ. ಮೂವತ್ತರ ವಯಸ್ಸಿನಲ್ಲಿ ಕೇಳಿದ್ದರೆ ಎರಡು ಕಾಫಿ ಮುಗಿಯುವವರೆಗೆ ವಾದ ಮಾಡುತ್ತಿದ್ದೆ. ಈಗ ಐವತ್ತು ಹತ್ತಿರ ಬಂದಿದೆ, ಕತ್ತು ನೋವು, ಕಣ್ಣಿಗೆ ಎರಡು ಥರದ ಕನ್ನಡಕ. ವಾದಕ್ಕೆ ಉಸಿರಿಲ್ಲ. ನಡೆದದ್ದನ್ನು ಹೇಳುತ್ತೇನೆ, ನೀವೇ ಏನಾದರೂ ಅಂದುಕೊಳ್ಳಿ.

ಈ ಕಸುಬಿನ ಪರಿಚಯ ಇಲ್ಲದವರಿಗೆ ಒಂದು ಮಾತು. ಪ್ರೋಗ್ರಾಮ್ ಬರೆಯುವಾಗ ನಡುನಡುವೆ ಮನುಷ್ಯರಿಗಾಗಿ ಒಂದೊಂದು ಸಾಲು ಬರೆಯಬಹುದು. ಕಂಪ್ಯೂಟರ್ ಅದನ್ನು ಓದುವುದಿಲ್ಲ, ದಾಟಿಕೊಂಡು ಮುಂದೆ ಹೋಗುತ್ತದೆ. ನಾಳೆ ಆ ಕೋಡನ್ನು ತೆರೆಯುವವರಿಗೆ ‘ಇದು ಹೀಗ್ಯಾಕಿದೆ’ ಎಂದು ತಿಳಿಸುವ ಸಾಲು ಅದು. ಅದೇ ಕಾಮೆಂಟ್. ಬರೆಯಲೇಬೇಕು ಅನ್ನುವವರದು ಒಂದು ಪಂಗಡ. ಕೋಡನ್ನೇ ನೆಟ್ಟಗೆ ಬರೆದರೆ ಕಾಮೆಂಟ್ ಯಾಕೆ ಅನ್ನುವವರದು ಇನ್ನೊಂದು. ನಾನು ಎರಡನೇ ಪಂಗಡ. ತತ್ವ ಗಿತ್ವ ಏನೂ ಇಲ್ಲ, ಬರೀ ಸೋಮಾರಿತನ. ಆದರೆ ಅದನ್ನು ತತ್ವ ಅಂತಲೇ ಹೇಳಿಕೊಂಡು ಇಪ್ಪತ್ತು ವರ್ಷ ತಿರುಗಿದ್ದೇನೆ.

ನನ್ನ ಆಫೀಸು ತುಮಕೂರಿನ ಬಟವಾಡಿಯಲ್ಲಿದೆ. ಆಫೀಸು ಅಂದರೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲೆ ಒಂದು ರೂಮು, ಎರಡು ಕುರ್ಚಿ. ಕೆಳಗೆ ಯಾರದೋ ಹಲ್ಲು ಕೊರೆಯುತ್ತಿದ್ದರೆ ಮೇಲೆ ನಮ್ಮ ಟೇಬಲ್ಲು ಗುಂಯ್ ಅನ್ನುತ್ತದೆ. ಒಂದು ಕುರ್ಚಿಯಲ್ಲಿ ಕುಣಿಗಲ್ ಕಡೆಯವನಾದ ನಾನು. ಇನ್ನೊಂದರಲ್ಲಿ ಗುಬ್ಬಿಯಿಂದ ದಿನಾ ರೈಲಲ್ಲಿ ಬರುವ ಹುಡುಗಿ. ಹುಡುಗಿ ಅಂದರೆ ಮದುವೆಯಾಗಿ ಯುಕೆಜಿ ಓದುವ ಮಗಳಿದ್ದಾಳೆ, ನನಗೆ ಮಾತ್ರ ಹುಡುಗಿ. ಆಕೆ ಮೊದಲನೇ ಪಂಗಡ. ಎರಡು ಸಂಖ್ಯೆ ಕೂಡಿಸುವ ಕಡೆಯಲ್ಲೂ ‘ಇಲ್ಲಿ ಎರಡು ಸಂಖ್ಯೆ ಕೂಡಿಸುತ್ತೇವೆ’ ಎಂದು ಮೇಲೊಂದು ಸಾಲು ಬರೆಯುತ್ತಾಳೆ.

“ಅಲ್ಲಮ್ಮ, ಕೂಡಿಸ್ತಾ ಇದೀವಿ ಅಂತ ಕಣ್ಣಿಗೆ ಕಾಣ್ತಾ ಇಲ್ವಾ? ಚಟ್ನಿ ಡಬ್ಬದ ಮೇಲೆ ಚಟ್ನಿ ಅಂತ ಬರ್ದಂಗಾಯ್ತು.”

“ನಮ್ಮನೇಲಿ ಬರ್ದೇ ಇಡ್ತೀವಿ ಸರ್. ನಿಮ್ ಡಬ್ಬ ತೆಗುದ್ರೆ ಸಕ್ರೆನೋ ಉಪ್ಪೋ ನೆಕ್ಕೇ ನೋಡ್ಬೇಕು.”

ಸುಳ್ಳಲ್ಲ. ಆದರೆ ನಮ್ಮ ಊರಿನಲ್ಲಿ ಕೆಲಸ ಬರುವ ರೀತಿಯೇ ಹಾಗೆ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಸ್ಕ್ರೀನಿನ ಮೇಲಿನ ಒಂದು ಗುಂಡಿಯ ಬಣ್ಣ ಬದಲಿಸಬೇಕಾದರೂ ಯಾರೋ ಬರೆದು ಕೊಡುತ್ತಾರಂತೆ. ಇಲ್ಲಿ ಯಾರೂ ಏನನ್ನೂ ಬರೆದು ಕೊಡುವುದಿಲ್ಲ. ಬೀಗರೂಟದಲ್ಲಿ ಪಕ್ಕದ ಎಲೆಯವರು “ಅಣ್ಣ, ನಿಮ್ ಸಾಫ್ಟ್‌ವೇರಲ್ಲಿ ಒಂದ್ ಸಣ್ ಬದ್ಲಾವಣೆ” ಅನ್ನುತ್ತಾರೆ. ಪೆಟ್ರೋಲ್ ಬಂಕಿನ ಸಾಲಿನಲ್ಲಿ ಹಿಂದಿನ ಗಾಡಿಯವರು ಭುಜ ತಟ್ಟಿ ಹೇಳುತ್ತಾರೆ. ಕೈ ತೊಳೆದುಕೊಂಡು ಬಂದು ಮಾಡಿ ಮುಗಿಸುತ್ತೇನೆ. ಯಾಕೆ ಮಾಡಿದೆ ಅನ್ನುವುದು ಅವರ ಬಾಯಲ್ಲೂ ನನ್ನ ಕಿವಿಯಲ್ಲೂ ಇರುತ್ತದೆ, ಬೇರೆಲ್ಲೂ ಇರುವುದಿಲ್ಲ. ಕಿವಿಗೆ ವಯಸ್ಸಾಗುತ್ತದೆ ಅನ್ನುವುದು ಆಗ ಹೊಳೆದಿರಲಿಲ್ಲ.

ಹಿರೇಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಾಟಲಿ ಮುಚ್ಚಳ ಮಾಡುವ ಒಂದು ಫ್ಯಾಕ್ಟರಿಗೆ ನಾಲ್ಕು ವರ್ಷದ ಹಿಂದೆ ಹಾಜರಾತಿ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಅಲ್ಲಿಯ ಕೆಲಸಗಾರರನ್ನು ವ್ಯಾನುಗಳು ಕರೆತರುತ್ತವೆ. ಗುಬ್ಬಿ ಕಡೆಯದು ದೊಡ್ಡ ವ್ಯಾನು. ಅದು ಬಟವಾಡಿಯಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಕುಣಿಗಲ್ ಕಡೆಯಿಂದ ಸಣ್ಣ ವ್ಯಾನಿನಲ್ಲಿ ಬಂದವರು ಅಲ್ಲಿ ಇಳಿದು ಇದನ್ನು ಹತ್ತಿಕೊಳ್ಳುತ್ತಾರೆ. ಹತ್ತುವವರು ಬಾಗಿಲಲ್ಲಿರುವ ಮೆಷಿನ್ನಿಗೆ ಕಾರ್ಡು ತೋರಿಸಬೇಕು. ಅವರವರ ಸ್ಟಾಪಿನಲ್ಲೇ ತೋರಿಸಬೇಕು, ಬೇರೆ ಕಡೆ ತೋರಿಸಿದರೆ ಲೆಕ್ಕಕ್ಕಿಲ್ಲ, ಆ ದಿನ ತಪ್ಪಿಸಿಕೊಂಡ ಹಾಗೆ. ಒಬ್ಬರ ಕಾರ್ಡನ್ನು ಇನ್ನೊಬ್ಬರು ತಂದು ತೋರಿಸುವ ಆಟ ಶುರುವಾದ ಮೇಲೆ ಬಂದ ನಿಯಮ ಇದು. ತಪ್ಪಿಸಿಕೊಳ್ಳುವುದು ಜಾಸ್ತಿಯಾದರೆ ಮೆಮೊ. ಮೂರು ಮೆಮೊ ಆದರೆ ಮನೆಗೆ.

ಕಳೆದ ವರ್ಷ ಅಲ್ಲಿಗೆ ಹೊಸ ಎಚ್.ಆರ್. ಆಫೀಸರ್ ಬಂದರು. ಮೂವತ್ತೈದರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ, ಪ್ರತಿ ಮಾತಿಗೂ ಸರ್. ನನ್ನನ್ನು ಕರೆಸಿ ಒಂದು ಹಾಳೆ ಮುಂದಿಟ್ಟರು.

“ಸರ್, ಏಳು ಕಾರ್ಡುಗಳಿಗೆ ಈ ನಿಯಮ ಅಪ್ಲೈ ಆಗ್ತಿಲ್ಲ. ಅವ್ರು ಎಲ್ಲಿ ಹತ್ತುದ್ರೂ ಹಾಜ್ರಿ ಬೀಳುತ್ತೆ. ಯಾಕ್ ಸರ್?”

ಲ್ಯಾಪ್‌ಟಾಪ್ ತೆರೆದು ನೋಡಿದೆ. ಏಳು ನಂಬರು ಸಾಲಾಗಿ ಕೂತಿದ್ದವು. ಮೇಲೆ ಕೆಳಗೆ ಒಂದಕ್ಷರ ವಿವರ ಇಲ್ಲ. ಬರೆದದ್ದು ನಾನೇ. ಯಾಕೆ ಬರೆದೆ ಅನ್ನುವುದು ನೆನಪಿಲ್ಲ.

ನೆನಪಿಲ್ಲ ಅನ್ನಲು ನಾಚಿಕೆಯಾಯಿತು. ಈ ಊರಲ್ಲಿ ಸಾಫ್ಟ್‌ವೇರ್ ಮಾಡುವವನಿಗೆ ಕಾರಣ ಗೊತ್ತಿಲ್ಲದ ವಿನಾಯಿತಿ ಕಂಡರೆ ತಲೆಗೆ ಬರುವುದು ಒಂದೇ ಪದ: ವಶೀಲಿ. ಪರ್ಚೇಸ್ ಮ್ಯಾನೇಜರ ಭಾಮೈದ, ಡ್ರೈವರನ ತಂಗಿ, ಯಾರೋ ಮುಖಂಡರ ಮನೆ ಹುಡುಗ. ಇಂಥವನ್ನು ನಾನು ಎಷ್ಟು ಹಾಕಿಕೊಟ್ಟಿಲ್ಲ? ಫೇಸ್‌ಬುಕ್ಕಿನಲ್ಲಿ ವಶೀಲಿ ವಿರುದ್ಧ ಉದ್ದುದ್ದ ಬರೆಯುತ್ತಾ ಹಗಲು ಹೊತ್ತಿನಲ್ಲಿ ಅದೇ ಕೆಲಸ ಮಾಡುವವನು ನಾನು. ಆವತ್ತು ಅದೇನು ಪೌರುಷ ಬಂತೋ.

“ಹಳೇ ಶಿಫಾರಸ್ಸುಗಳು ಸರ್, ತೆಗ್ದುಬಿಡ್ತೀನಿ,” ಅಂದೆ. ಅಲ್ಲೇ ಕೂತು ಏಳೂ ನಂಬರು ಅಳಿಸಿದೆ. ಅವರು ಟೀ ತರಿಸಿದರು. ವಾಪಸ್ ಬರುವಾಗ ಹೈವೇಯಲ್ಲಿ ಸ್ಕೂಟರು ಹಗುರಾಗಿ ಓಡಿತು, ಸುಳ್ಳು ಯಾಕೆ ಹೇಳಲಿ. ಸಾಯಂಕಾಲ ಅದರ ಬಗ್ಗೆ ಒಂದು ಪೋಸ್ಟೂ ಹಾಕಿದೆ. ‘ಕಸ ಗುಡಿಸುವುದೂ ಒಂದು ಕಲೆ’ ಅಂತ ಶುರು ಮಾಡಿದ್ದೆ. ಆಮೇಲೆ ಅದನ್ನು ಅಳಿಸಿದ್ದೇನೆ, ಹುಡುಕಬೇಡಿ.

ಮೂರು ವಾರ ಆಗಿರಬೇಕು. ಒಂದು ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ನಾನೊಬ್ಬನೇ ಆಫೀಸಿನಲ್ಲಿದ್ದೆ. ಮೆಟ್ಟಿಲು ಹತ್ತಿ ಒಬ್ಬ ಹೆಂಗಸು ಬಂದರು. ನಲವತ್ತು ದಾಟಿದವರು, ಕೈಯಲ್ಲಿ ಬಟ್ಟೆ ಬ್ಯಾಗು. ಹಲ್ಲಿನ ಡಾಕ್ಟರನ್ನು ಹುಡುಕಿ ಬಂದಿರಬೇಕು ಎಂದುಕೊಂಡೆ.

“ಕ್ಲಿನಿಕ್ ಕೆಳಗಡೆ ಅಮ್ಮ. ಭಾನುವಾರ ರಜೆ.”

“ನನ್ ಹಲ್ ನೆಟ್ಟಗವೆ. ನಿಮ್ನೇ ನೋಡಕ್ ಬಂದೆ,” ಅಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಬ್ಯಾಗಿನಿಂದ ಎರಡು ಹಾಳೆ ತೆಗೆದು ಟೇಬಲ್ಲಿನ ಮೇಲಿಟ್ಟರು. ಮುಚ್ಚಳದ ಫ್ಯಾಕ್ಟರಿಯ ಮೆಮೊಗಳು. ಮೊದಲನೆಯದು, ಎರಡನೆಯದು.

“ಗುರುತು ಸಿಕ್ಲಿಲ್ವಾ ಅಣ್ಣ?”

ಸಿಗಲಿಲ್ಲ.

“ಸಿಗದ್ ಹೆಂಗೆ ಬುಡಿ. ವ್ಯಾನಿಗೆ ಮಿಸ್ಸನ್ನು ಹಾಕಕ್ ಬಂದಾಗ ಮೂರ್ ದಿನ ನಮ್ ಜೊತೇಲೇ ಓಡಾಡುದ್ರಿ. ಎಂಜಿನ್ ಮೇಲೆ ಕಂಪ್ಯೂಟ್ರು ಮಡಿಕಂಡು ಕುಂತಿದ್ರಿ. ಇಲ್ಲೇ ಬಟವಾಡಿ ಟೀ ಅಂಗ್ಡೀಲಿ ನಿಮ್ಗೊಂದ್ ಮಾತ್ ಹೇಳಿದ್ದೆ. ‘ಆಯ್ತಕ್ಕ, ನೀವ್ ನಿಶ್ಚಿಂತೆಯಿಂದ ಇರಿ, ನಾನ್ ಹಾಕಿದ್ ಮೇಲೆ ಯಾರೂ ತೆಗ್ಯಲ್ಲ’ ಅಂದಿದ್ರಿ. ಈಗ ಯಾರಣ್ಣ ತೆಗ್ದೋರು?”

ಆಗ ನೆನಪಾಯಿತು. ಒಂದೇ ಸಲಕ್ಕೆ ಪೂರ್ತಿ, ಟೀ ಲೋಟದ ಬಿಸಿ ಸಮೇತ.

ಮುಂದಿನದನ್ನು ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವರ ಗಂಡನ ಕೆಲಸ, ಇನ್ನೂ ಎರಡು ವಿಷಯ ಬದಲಿಸಿದ್ದೇನೆ. ಬದಲಿಸಿದ್ದು ಏನೇನು ಅಂತ ಗುಬ್ಬಿಯವರು ತಲೆ ಕೆಡಿಸಿಕೊಳ್ಳಬೇಡಿ.

ಅವರ ಗಂಡ ಗುಬ್ಬಿ ಪೇಟೆಯ ಒಂದು ಟೈಲರ್ ಅಂಗಡಿಯಲ್ಲಿ ಬ್ಲೌಸು ಹೊಲಿಯುತ್ತಾರೆ. ಒಳ್ಳೆಯ ಕೈ. ಕೆಲವು ವರ್ಷದ ಹಿಂದೆ ಸಿ.ಎಸ್. ಪುರದ ಕಡೆ ತಮ್ಮ ಹಳ್ಳಿಯಲ್ಲಿದ್ದಾಗ ಅವರಿಗೆ ಮನಸ್ಸಿನ ಕಾಯಿಲೆ ಬಂತು. ಗೋಡೆ ಮಾತಾಡುತ್ತದೆ ಅನ್ನುತ್ತಿದ್ದರು, ಅನ್ನಕ್ಕೆ ಯಾರೋ ಏನೋ ಹಾಕಿದ್ದಾರೆ ಅನ್ನುತ್ತಿದ್ದರು. ಆಸ್ಪತ್ರೆಗೆ ತೋರಿಸಿ ಮಾತ್ರೆ ಶುರುವಾದ ಮೇಲೆ ಸರಿಯಾದರು. ಹಳ್ಳಿಯವರ ಬಾಯಿ ಮಾತ್ರ ಸರಿಯಾಗಲಿಲ್ಲ. ಅದಕ್ಕೇ ಗುಬ್ಬಿಗೆ ಬಂದು ಮನೆ ಮಾಡಿದರು. ಮಾತ್ರೆ ತಪ್ಪದಿದ್ದರೆ ಅವರು ಎಲ್ಲರ ಹಾಗೆ. ಆದರೆ ಬೆಳಗಿನ ಮಾತ್ರೆಯನ್ನು ತಿಂಡಿ ತಿಂದ ಮೇಲೆ, ಎದುರಿಗೆ ನಿಂತು ನುಂಗಿಸಬೇಕು. ಬಿಟ್ಟರೆ ನಾಲಿಗೆ ಕೆಳಗಿಟ್ಟುಕೊಂಡು ಆಮೇಲೆ ಉಗಿಯುತ್ತಾರೆ. ರಾತ್ರಿ ಮಾತ್ರೆಯ ಮಂಪರಿಗೆ ಆರೂ ಮುಕ್ಕಾಲಿನ ಮುಂಚೆ ಏಳಲಾಗುವುದಿಲ್ಲ. ವ್ಯಾನು ಗುಬ್ಬಿಗೆ ಬರುವುದು ಏಳು ಗಂಟೆಗೆ. ಹಾಗಾಗಿ ಇವರು ವ್ಯಾನು ಬಿಟ್ಟು, ಮಾತ್ರೆ ನುಂಗಿಸಿ, ಹಿಂದಿನಿಂದ ಬರುವ ಪ್ರೈವೇಟ್ ಬಸ್ಸು ಹಿಡಿದು ಬಟವಾಡಿಯಲ್ಲಿ ವ್ಯಾನನ್ನು ಕೂಡಿಕೊಳ್ಳುತ್ತಾರೆ. ಕೆಲಸಕ್ಕೆ ಒಂದು ನಿಮಿಷ ತಡವಾಗುವುದಿಲ್ಲ. ಕಾರ್ಡು ತೋರಿಸುವ ಸ್ಟಾಪು ಮಾತ್ರ ಬೇರೆ.

ಆಗಿನ ಎಚ್.ಆರ್. ಒಬ್ಬರು ವಯಸ್ಸಾದವರಿದ್ದರು. “ಹೆಣ್ಮಗಳು ಏನೋ ಹೇಳ್ತಾಳೆ, ಮಾಡ್ಕೊಡಿ, ನನಗೆ ವಿವರ ಬೇಡ,” ಅಂದಿದ್ದರು. ಅವರು ರಿಟೈರಾಗಿ ಹೋದರು. ಕಾರಣ ಗೊತ್ತಿದ್ದ ಕಿವಿ ನನ್ನದೊಂದೇ ಉಳಿದಿತ್ತು. ಅದೂ ಕೈಕೊಟ್ಟಿತ್ತು.

“ಎರಡ್ ಮೆಮೊ ಆಯ್ತು. ಗುರುವಾರದೊಳಗೆ ಸರಿಯಾಗ್ನಿಲ್ಲ ಅಂದ್ರೆ ಮೂರ್ನೇದು,” ಅಂದರು. “ಮೂರ್ ದಿನ ವ್ಯಾನಲ್ಲೇ ಹೋಗ್ ನೋಡ್ದೆ. ಮಾತ್ರೆ ಟೇಬಲ್ ಮೇಲಿಟ್ಟು ಹೋದೆ. ಸಾಯಂಕಾಲ ಬಂದು ನೋಡುದ್ರೆ ಮೂರೂ ಹೊಲ್ಗೆ ಮಿಸ್ಸನ್ ಡ್ರಾಯರ್ ಒಳ್ಗವೆ.”

“ಅಕ್ಕ, ನಾನ್ ಆ ಎಚ್.ಆರ್. ಹತ್ರ ವಿಷಯ ಹೇಳ್ಬಿಡ್ತೀನಿ...”

“ಹೇಳಿ! ಮೈಕ್ ಕೊಡ್ಸ್ಲಾ?” ಅವರ ದನಿ ಏರಿತು. “ಗುಬ್ಬಿ ವ್ಯಾನಲ್ಲಿ ಮೂವತ್ ಜನ ಬರ್ತಾರೆ. ಅವ್ರಲ್ ಅರ್ಧ ಜನ ಬ್ಲೌಸ್ ಹೊಲ್ಸದು ನಮ್ಮೆಜಮಾನ್ರ ಹತ್ರ. ತಲೆ ಕೆಟ್ಟೋನ್ ಕೈಗೆ ಕತ್ರಿ ಕೊಟ್ಟವ್ರೆ ಅಂತ ಒಬ್ಳು ಅಂದ್ರೆ ಸಾಕು, ಅಂಗ್ಡಿಯವ್ರು ಮಾರನೇ ದಿನ ಬರ್ಬೇಡ ಅಂತಾರೆ. ಕೆಲ್ಸ ಹೋದ್ರೆ ಆ ಮನುಷ್ಯ ಮತ್ತೆ ಗೋಡೆ ನೋಡ್ಕಂಡ್ ಕುಂತ್ಕತಾರೆ ಅಣ್ಣ. ನನ್ ಕೆಲ್ಸ ಹೋದ್ರೂ ಪರ್ವಾಗಿಲ್ಲ, ಅವ್ರುದ್ ಹೋಗ್ಬಾರ್ದು.”

ನನ್ನ ಎದುರಿನ ಖಾಲಿ ಕುರ್ಚಿ ಗುಬ್ಬಿಯ ಹುಡುಗಿಯದು. ಹಿಂದಿನ ವಾರವಷ್ಟೇ ಆಕೆ ಫೋನಿನಲ್ಲಿ ಯಾರಿಗೋ ‘ಅದೇ ಪೇಟೆ ಟೈಲರು, ತೋಳು ಎಷ್ಟ್ ನೀಟಾಗ್ ಕೂರಿಸ್ತಾರೆ ಗೊತ್ತಾ’ ಅನ್ನುತ್ತಿದ್ದಳು. ಈ ಕೋಡನ್ನು ನನ್ನ ನಂತರ ತೆರೆಯುವವಳು ಅವಳೇ. ಬೆಂಗಳೂರಿನಲ್ಲಿ ಕಾಮೆಂಟ್ ಓದುವವರು ಯಾರೋ ಎಲ್ಲಿಯವರೋ. ಇಲ್ಲಿ ಓದುವವಳು ಅದೇ ಟೈಲರಿಗೆ ಅಳತೆ ಬ್ಲೌಸು ಕೊಟ್ಟು ಬಂದಿರುತ್ತಾಳೆ.

ಮಾರನೇ ದಿನ ಹಿರೇಹಳ್ಳಿಗೆ ಹೋದೆ. ಎಚ್.ಆರ್. ಆಫೀಸರಿಗೆ ಒಂದು ಕಾರ್ಡನ್ನು ವಾಪಸ್ ಸೇರಿಸಬೇಕು ಅಂದೆ.

“ಯಾಕ್ ಸರ್? ನೀವೇ ಶಿಫಾರಸ್ಸು ಅಂದ್ರಿ.”

“ಆರು ಹೌದು ಸರ್. ಒಂದಲ್ಲ. ತಪ್ಪು ನಂದು.”

“ಕಾರಣ?”

“ಮನೆ ಕಡೆ ತೊಂದ್ರೆ.”

ಅವರು ಪೆನ್ನು ಕೆಳಗಿಟ್ಟರು. “ಎಲ್ರಿಗೂ ಮನೆ ಇದೆ ಸರ್, ಎಲ್ರಿಗೂ ತೊಂದ್ರೆ ಇದೆ. ಅವತ್ ನೀವು ಗೊತ್ತಿಲ್ದೇ ತೆಗುದ್ರಿ, ಇವತ್ ಹೇಳ್ದೇ ಹಾಕಿ ಅಂತಿದೀರಿ. ನಾಳೆ ಆಡಿಟ್‌ನವ್ರು ಕೇಳುದ್ರೆ ನಾನೇನ್ ತೋರಿಸ್ಲಿ? ಕಾರಣ ಬರ್ದು ಕೊಡಿ. ಕೋಡಲ್ಲೂ ಬರೀರಿ. ಬರೀದೇ ಇದ್ದಿದ್ಕೇ ಅಲ್ವಾ ಇಷ್ಟೆಲ್ಲಾ ಆಗಿದ್ದು?”

ಕೋಪ ಬರಲಿಲ್ಲ. ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಇಪ್ಪತ್ತು ವರ್ಷದಿಂದ ಎಲ್ಲರೂ ನನಗೆ ಹೇಳುತ್ತಾ ಬಂದದ್ದನ್ನೇ ಅವರೂ ಇಸ್ತ್ರಿ ಹಾಕಿ ಹೇಳುತ್ತಿದ್ದರು.

ಹೊರಗೆ ಬಂದು ಕ್ಯಾಂಟೀನಿನ ಹತ್ತಿರ ಅಕ್ಕನನ್ನು ಕರೆಸಿದೆ. ತಲೆಗೆ ನೀಲಿ ಟೋಪಿ, ಕೈಗೆ ಗ್ಲೌಸು ಹಾಕಿಕೊಂಡೇ ಬಂದರು. ನಡೆದದ್ದನ್ನು ಹೇಳಿದೆ.

“ಬರ್ದು ಕೊಡ್ಬೇಕಂತೆ ಅಕ್ಕ. ಏನಂತ ಬರೀಲಿ, ನೀವೇ ಹೇಳಿ.”

ಅವರು ಗ್ಲೌಸು ಬಿಚ್ಚಿ ಮಡಿಸಿದರು. ಮತ್ತೆ ಬಿಡಿಸಿ ಮತ್ತೆ ಮಡಿಸಿದರು. ಎಷ್ಟೋ ಹೊತ್ತಿನ ಮೇಲೆ, “ಆ ವಯ್ಯಂಗೆ ಹೆಂಡ್ತಿ ಮಕ್ಳು ಅವ್ರಾ?” ಅಂದರು.

“ಇರ್ಬೇಕು. ಟೇಬಲ್ ಮೇಲೆ ಫೋಟೊ ಇತ್ತು.”

“ಬಾಯಲ್ಲಿ ಹೇಳ್ತೀನಿ. ಹಾಳೇಲಿ ಬ್ಯಾಡ. ಹಾಳೆ ಊರೆಲ್ಲಾ ತಿರುಗ್ತದೆ.”

ಅವರೇ ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ನಾನು ಕಾರಿಡಾರಿನಲ್ಲಿ ಮುಚ್ಚಳದ ಡಬ್ಬಗಳ ಪಕ್ಕ ನಿಂತಿದ್ದೆ. ಹತ್ತು ನಿಮಿಷ ಆಗಿರಬಹುದು. ಹೊರಗೆ ಬಂದವರು ನನ್ನ ಮುಖ ನೋಡದೆ, ಟೋಪಿ ಸರಿಮಾಡಿಕೊಂಡು ಲೈನಿಗೆ ಹೋದರು. ಮೂರು ವರ್ಷ ಒಬ್ಬನಿಗೆ ಮಾತ್ರ ಗೊತ್ತಿದ್ದದ್ದು ಈಗ ಇಬ್ಬರಿಗೆ ಗೊತ್ತಾಯಿತು. ನನ್ನ ಸೋಮಾರಿತನಕ್ಕೆ ಅವರು ತೆತ್ತದ್ದು ಅದು.

ಎಚ್.ಆರ್. ಆಫೀಸರ್ ನನ್ನನ್ನು ಒಳಗೆ ಕರೆದರು. ಮುಖ ಸ್ವಲ್ಪ ಸಣ್ಣಗಾಗಿತ್ತು.

“ಸೇರ್ಸಿ ಸರ್. ಮೆಮೊ ಎರಡೂ ವಾಪಸ್ ತಗೋತೀನಿ. ಕಾರಣದ ಜಾಗದಲ್ಲಿ ‘ಎಚ್.ಆರ್. ಅನುಮತಿ ಇದೆ’ ಅಂತ ಬರೀರಿ. ನಾನ್ ಸೈನ್ ಹಾಕ್ತೀನಿ.” ಆಮೇಲೆ ತಗ್ಗಿದ ದನಿಯಲ್ಲಿ, “ಮೊದ್ಲೇ ಗೊತ್ತಿದ್ರೆ ಮೆಮೊ ಕೊಡ್ತಿರ್ಲಿಲ್ಲ,” ಅಂದರು.

ಆಫೀಸಿಗೆ ಬಂದು ಆ ಸಾಲನ್ನು ಮತ್ತೆ ಬರೆದೆ. ಕಾಮೆಂಟ್ ಬರೆಯಲು ಕೂತೆ. ‘ಎಚ್.ಆರ್. ಅನುಮತಿ ಇದೆ’ ಅಂತ ಬರೆದು ಓದಿದೆ. ಥೇಟ್ ವಶೀಲಿ ಥರ ಕಾಣುತ್ತಿತ್ತು. ಇವರೂ ಎರಡು ವರ್ಷಕ್ಕೆ ಬೇರೆ ಕಂಪನಿಗೆ ಹೋಗುತ್ತಾರೆ, ಇನ್ನೊಬ್ಬರು ಬರುತ್ತಾರೆ, ನನ್ನ ಹಾಗೇ ಯಾರೋ ಒಬ್ಬರಿಗೆ ಪೌರುಷ ಬಂದು ಅಳಿಸುತ್ತಾರೆ. ‘ವೈದ್ಯಕೀಯ ಕಾರಣ’ ಅಂತ ಬರೆದೆ. ಯಾರಿಗೆ, ಏನು ಅಂತ ಹುಡುಕಲು ಅಷ್ಟು ಸಾಕು, ಕಾರ್ಡು ನಂಬರು ಪಕ್ಕದಲ್ಲೇ ಇದೆ. ಅಳಿಸಿದೆ. ‘ಮನೆ ಕೆಲಸ’ ಅಂತ ಬರೆದೆ. ಅದನ್ನು ಯಾರೂ ಕಾರಣ ಅಂತಲೇ ಒಪ್ಪುವುದಿಲ್ಲ. ಅದನ್ನೂ ಅಳಿಸಿದೆ. ಜೀವಮಾನದಲ್ಲಿ ಒಂದು ಕಾಮೆಂಟಿಗೆ ನಾನು ಇಷ್ಟು ಒದ್ದಾಡಿದ್ದಿಲ್ಲ. ಕೆಳಗೆ ಹಲ್ಲು ಕೊರೆಯುವ ಸದ್ದು ನಿಂತು, ಇನ್ನೊಬ್ಬರು ಬಂದು, ಮತ್ತೆ ಶುರುವಾಯಿತು.

ಕೊನೆಗೆ ಹೀಗೆ ಬರೆದೆ: ‘ಇದು ಶಿಫಾರಸ್ಸು ಅಲ್ಲ. ಕಾರಣ ಇದೆ, ಇಲ್ಲಿ ಬರೆಯುವಂಥದ್ದಲ್ಲ. ಒಂದು ಸಲ ಅಳಿಸಿ ತಪ್ಪು ಮಾಡಿದ್ದೇನೆ. ತೆಗೆಯುವ ಮುಂಚೆ ನನ್ನನ್ನು ಕೇಳಿ.’ ಕೆಳಗೆ ನನ್ನ ಫೋನ್ ನಂಬರು ಹಾಕಿದೆ.

ಮಾರನೇ ದಿನ ಗುಬ್ಬಿಯ ಹುಡುಗಿ ಅದನ್ನು ಓದಿದಳು. ಕುರ್ಚಿ ತಿರುಗಿಸಿಕೊಂಡು ನನ್ನ ಕಡೆ ನೋಡಿದಳು.

“ಸರ್, ನಿಮ್ಗೆ ಹುಷಾರಿಲ್ವಾ?”

“ಯಾಕಮ್ಮ?”

“ನಾಲ್ಕ್ ಸಾಲ್ ಕಾಮೆಂಟ್ ಬರ್ದಿದೀರ! ನಾಲ್ಕ್ ಸಾಲು ಬರ್ದೂ ಕಾರಣ ಒಂದ್ ಬಿಟ್ಟು ಎಲ್ಲಾ ಹೇಳಿದೀರ. ಯಾರ್ ಸರ್ ಇದು? ಗುಬ್ಬಿ ಕಾರ್ಡು. ನಮ್ಮೂರೋರಾ?”

“ಇರ್ಬೋದು.”

“ನನ್ಗೂ ಹೇಳಲ್ವಾ?”

“ನಿಂಗೂ ಹೇಳಲ್ಲ.”

ಮುಖ ದಪ್ಪ ಮಾಡಿಕೊಂಡಳು. ಎರಡು ದಿನ ನನಗೆ ಡಬ್ಬಿಯಿಂದ ಏನೂ ಕೊಡಲಿಲ್ಲ. ಆದರೆ ಆ ಸಾಲನ್ನು ಮುಟ್ಟಲಿಲ್ಲ.

ಇಷ್ಟಾಗಿ ಹತ್ತಿರ ಹತ್ತಿರ ಒಂದು ವರ್ಷ. ಈ ತಿಂಗಳ ಶುರುವಿನಲ್ಲಿ ಅವಳೇ ಕೇಳಿದಳು.

“ಸರ್, ನಿಮ್ ಗುಟ್ಟಿನ್ ಕಾರ್ಡು ಎರಡ್ ವಾರದಿಂದ ಗುಬ್ಬೀಲೇ ಹತ್ತುತಾ ಇದೆ. ಬಟವಾಡೀಲಿ ಒಂದ್ ದಿನಾನೂ ತೋರಿಸಿಲ್ಲ. ಆ ಸಾಲು ಇನ್ ಬೇಡ ಅನ್ಸುತ್ತೆ. ತೆಗೀಲಾ? ಕೇಳಿ ಅಂತ ಬರ್ದಿದೀರಲ್ಲ, ಅದಕ್ಕೇ ಕೇಳ್ತಿದೀನಿ.”

ಗುಬ್ಬಿಯಲ್ಲೇ ಹತ್ತುತ್ತಿದ್ದಾರೆ ಅಂದರೆ ಬೆಳಗಿನ ಮಾತ್ರೆ ನಿಂತಿದೆ. ಯಾಕೆ ನಿಂತಿದೆ? ಆಸ್ಪತ್ರೆಗೆ ಸೇರಿಸಿದ್ದಾರಾ? ಟೈಲರ್ ಅಂಗಡಿಯವರಿಗೆ ಗೊತ್ತಾಯಿತಾ? ಇವಳನ್ನು ಕೇಳೋಣ ಅಂದರೆ ಕೇಳುವ ಹಾಗಿಲ್ಲ. ಫೋನು ಹಿಡಿದು ಮೆಟ್ಟಿಲಿಳಿದು, ಕ್ಲಿನಿಕ್ಕಿನ ಬೋರ್ಡಿನ ಕೆಳಗೆ ನಿಂತು ಅವರಿಗೆ ಫೋನು ಮಾಡಿದೆ. ಊಟದ ಬಿಡುವಿನ ಹೊತ್ತು, ಎತ್ತಿದರು.

“ಅಕ್ಕ, ನಾನು. ವ್ಯಾನಿಗೆ ಮಿಷಿನ್ ಹಾಕ್ದೋನು. ಎಲ್ಲಾ ಸರಿ ಇದೀರಾ?”

“ಇದೀವಣ್ಣ. ಯಾಕೆ?”

“ಎರಡ್ ವಾರದಿಂದ ಗುಬ್ಬೀಲೇ ಹತ್ತುತಾ ಇದೀರಂತೆ. ಯಜಮಾನ್ರು...?”

“ಓ, ಅದಾ!” ನಕ್ಕರು. ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಊರಿಂದ ನಮ್ಮತ್ತೆ ಬಂದವ್ರೆ. ಬೆಳಗ್ಗೆ ಮಾತ್ರೆ ಅವ್ರೇ ಕೊಡ್ತಾರೆ. ನಂಗಿಂತ ಜೋರು, ಬಾಯಿ ತೆಗ್ಸಿ ಬ್ಯಾಟ್ರಿ ಬುಟ್ಟು ನೋಡ್ತಾರೆ. ಇವ್ರು ಹೊಲ್ಗೆ ಹೊಲೀತಾ ಅರಾಮಾಗವ್ರೆ.”

“ಹಂಗಾದ್ರೆ ಆ ಸಾಲು ತೆಗ್ಸ್ಲಾ ಅಕ್ಕ? ಬೇಕಾಗಲ್ವೇನೋ ಇನ್ಮೇಲೆ.”

ಹಿಂದೆ ಕ್ಯಾಂಟೀನಿನ ತಟ್ಟೆಗಳ ಸದ್ದು ಕೇಳುತ್ತಿತ್ತು.

“ಅತ್ತೆ ಎಷ್ಟ್ ದಿನ ಇರ್ತಾರೋ ಯಾರಿಗ್ ಗೊತ್ತು. ಮೊನ್ನೆನೇ ನನ್ ಜೊತೆ ಮಾತ್ ಬುಟ್ಟವ್ರೆ,” ಅಂದರು. “ತೆಗೀಬ್ಯಾಡಿ ಅಣ್ಣ. ಇರ್ಲಿ.”